ಗೇಟು ಹೊಸದಾಗುತ್ತೆ, ಹೊಳೆಯ ಪಾಲು ಎಲ್ಲಿ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯ್ತು. ಮುಂದಿನ ಒಂದು ವಾರ ನಾವೆಲ್ಲ ಮೊಬೈಲ್‌ನಲ್ಲಿ ಹುಡುಕಿದ್ದು ಒಂದೇ ಅಂಕಿ: ಎಷ್ಟು ಟಿಎಂಸಿ ಹೋಯ್ತು, ಎಷ್ಟು ಉಳೀತು? ತಪ್ಪೇನಿಲ್ಲ. ಗಂಗಾವತಿ, ಕಾರಟಗಿಯ ಭತ್ತ ನಿಂತಿರೋದೇ ಆ ಅಂಕಿಯ ಮೇಲೆ. 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾದ ಮೇಲೂ ಚರ್ಚೆ ಎರಡನೇ ಬೆಳೆಯ ಸುತ್ತಲೇ ಸುತ್ತುತ್ತಿದೆ. ನನ್ನ ತಕರಾರು ಇಷ್ಟೇ: ಈ ಲೆಕ್ಕದಲ್ಲಿ ಎಡದಂಡೆ ಇದೆ, ಬಲದಂಡೆ ಇದೆ, ಆಂಧ್ರ, ತೆಲಂಗಾಣ ಇವೆ. ಅಣೆಕಟ್ಟಿನ ಕೆಳಗೆ ಹರಿಯಬೇಕಾದ ಹೊಳೆ ಇಲ್ಲ.

ಅದು ಕಾನೂನಿನ ಕಣ್ಣಲ್ಲಿ ಮಾಮೂಲಿ ಹೊಳೆಯೂ ಅಲ್ಲ. ಅಣೆಕಟ್ಟಿನಿಂದ ಕಂಪ್ಲಿವರೆಗಿನ 34 ಕಿ.ಮೀ. ಪಾತ್ರವನ್ನು 2015ರಲ್ಲಿ ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ನೀರುನಾಯಿಗೆಂದೇ ದೇಶದಲ್ಲಿ ಆದ ಮೊದಲ ಮೀಸಲು ಅದು. ಎಡದಡದಲ್ಲಿ ನಮ್ಮ ಆನೆಗೊಂದಿ, ಬಲದಡದಲ್ಲಿ ಹಂಪಿ. ನೀರುನಾಯಿ ಬದುಕೋದು ಮೀನಿನ ಮೇಲೆ, ಮೀನು ಬದುಕೋದು ಹರಿಯೋ ನೀರಿನ ಮೇಲೆ. ಆದರೆ ಪ್ರಾಣಿ ಅರಣ್ಯ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು, ಗೇಟಿನ ಕೀಲಿ ತುಂಗಭದ್ರಾ ಮಂಡಳಿಯದು. ಮೂರು ಆಫೀಸು, ಒಂದೇ ನೀರು.

ಮೀನು ನಿಂತಲ್ಲೇ ಬದುಕುವ ಜೀವಿ ಅಂತ ಬಯಲುಸೀಮೆಯ ನಾವು ಅಂದ್ಕೊಂಡಿದ್ದೀವಿ. ಮಲೆನಾಡಿನವರನ್ನು ಕೇಳಿ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರುವ ಮೀನಿಗೆ ಅಲ್ಲಿ ಹತ್ತುಮೀನು ಅಂತಲೇ ಹೆಸರು. ಶೃಂಗೇರಿಯಲ್ಲಿ ದೇವರ ಮೀನು ಅಂತ ಕೈಮುಗಿದು ಮಂಡಕ್ಕಿ ಹಾಕ್ತಾರಲ್ಲ, ಅದೂ ಇದೇ ತುಂಗೆಯೇ. ಮೇಲೆ ದೇವರಾದ ಮೀನು ಮುನಿರಾಬಾದಿನ ಕೆಳಗೆ ಬರೀ ಕಿಲೋ ಲೆಕ್ಕ. ವಿಜಯನಗರದವರು ಕಟ್ಟಿದ ತಗ್ಗು ಅಣೆಗಳ ಮೇಲೆ ಪ್ರವಾಹದಲ್ಲಿ ನೀರು ಹತ್ತಿ ಹರಿಯುತ್ತಿತ್ತು, ಮೀನಿಗೂ ದಾರಿ ಸಿಗುತ್ತಿತ್ತು. ಸುಮಾರು 49 ಮೀಟರ್ ಎತ್ತರದ ಗೋಡೆಯಲ್ಲಿ ಆ ದಾರಿ ಇಲ್ಲ.

ಅಮೆರಿಕದ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕೀಳುವ ಕೆಲಸ 2024ರಲ್ಲಿ ಮುಗೀತು. ಕೆಲವೇ ವಾರಗಳಲ್ಲಿ ಸಾಲ್ಮನ್ ಮೀನು ತನ್ನ ಹಳೇ ತವರಿಗೆ ಏರಿ ಬಂತು. ಅಲ್ಲಿನ ಮೂಲನಿವಾಸಿಗಳ ದಶಕಗಳ ಹೋರಾಟ ಅದರ ಹಿಂದಿದೆ. ಅದನ್ನೇ ಇಲ್ಲಿ ಹೇಳಿದರೆ ಗಂಗಾವತಿಯಲ್ಲಿ ಏಟು ಬೀಳುತ್ತೆ, ಬೀಳಬೇಕಾದ್ದೇ. ಇಲ್ಲಿ ಕೇಳಬೇಕಾದ್ದು ಅದಲ್ಲ, ಬೇಸಿಗೆಯಲ್ಲೂ ನಿಲ್ಲದ ಒಂದು ಸಣ್ಣ ಹರಿವು.

ಯಾಕೆ ಅಂದ್ರೆ ಹರಿವು ನಿಂತಾಗ ಹೊಳೆ ಬಂಡೆಗಳ ನಡುವಿನ ಮಡುಗಳಾಗಿ ಒಡೆಯುತ್ತೆ. ಇದ್ದಬದ್ದ ಮೀನೆಲ್ಲ ಅಲ್ಲೇ ಸೇರುತ್ತೆ. ಮಡುವಿಗೆ ಒಂದು ತೋಟೆ ಎಸೆದರೆ ಮುಗೀತು, ದೊಡ್ಡದು ಚಿಕ್ಕದು ಎಲ್ಲ ಮೇಲೆ ತೇಲುತ್ತೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದನ್ನು 1897ರ ಕಾಯ್ದೆಯೇ ನಿಷೇಧಿಸಿದೆ. ಜಲಾಶಯದಲ್ಲಿ ಮರಿಯನ್ನೂ ಬಿಡದೆ ಬಾಚುವ ಅಲಿವಿ ಬಲೆಯ ಬಗ್ಗೆ ಮೀನು ತಜ್ಞರು ಹಿಂದೆಯೇ ಎಚ್ಚರಿಸಿದ್ದಾರೆ. ಆದರೂ ಎಲ್ಲವನ್ನೂ ಅಂಬಿಗರ ತಲೆಗೆ ಕಟ್ಟೋದು ಸುಲಭದ ಜಾಣತನ. ಹರಗೋಲು, ಬಲೆ ನಂಬಿದವನಿಗೆ ಮರಿ ಉಳಿದರೇನೇ ಮುಂದಿನ ವರ್ಷದ ಅನ್ನ.

ಕುಷ್ಟಗಿ, ಯಲಬುರ್ಗಾದವರಿಗೆ ಇದು ದೂರದ ಮಾತು ಅನ್ನಿಸಬಹುದು, ಅಲ್ಲಿ ಇರೋದು ಕೆರೆ ಮತ್ತು ಹಳ್ಳ. ಆದರೆ ಈ ಜಿಲ್ಲೆಗೆ ನೀರಿನ ವಿಷಯದಲ್ಲಿ ಜನ ಸೇರಿಸೋಕೆ ಬರುತ್ತೆ. 2019ರಲ್ಲಿ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಸ್ವಚ್ಛ ಮಾಡಲಾಯ್ತು, ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೂ ಎತ್ತಲಾಯ್ತು. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ಬೇಡ ಅಂತ ಕೊಪ್ಪಳ ಬಂದ್ ಆಯ್ತು. ಹಿರೇಹಳ್ಳದ ಬಗ್ಗೆ ನನ್ನದೊಂದು ಸಣ್ಣ ತಗಾದೆ ಇದೆ: ಜೆಸಿಬಿ ಅಗಲ, ಆಳ ಕೊಡುತ್ತೆ, ಮೀನು ಮೊಟ್ಟೆಯಿಡುವ ಕಲ್ಲು, ಜೊಂಡು, ದಡದ ನೆರಳು ಕೊಡಲ್ಲ. ಅದು ಎರಡನೇ ಹಂತದ ಕೆಲಸ, ಅದಕ್ಕೆ ಮೆರವಣಿಗೆ ಸೇರಲ್ಲ.

ಹೊಳೆಗೂ ಪಾಲಿದೆ ಅನ್ನೋದು ನನ್ನ ಭಾವುಕತೆ ಅಲ್ಲ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಕೃಷ್ಣಾ ಕಣಿವೆಯ ಹಂಚಿಕೆಯಲ್ಲಿ ಕನಿಷ್ಠ ಹರಿವಿಗೆ ನೀರು ಎತ್ತಿಟ್ಟಿತ್ತು. ಆ ತೀರ್ಪು ಗೆಜೆಟ್‌ಗೆ ಬರದಂತೆ ಸುಪ್ರೀಂ ಕೋರ್ಟ್‌ನಲ್ಲಿ ಸಿಕ್ಕಿಬಿದ್ದಿದೆ. ಆದರೆ ಪ್ರತಿ ಹಂಗಾಮಿಗೂ ನೀರು ಬಿಡುವ ವೇಳಾಪಟ್ಟಿ ನೀರಾವರಿ ಸಲಹಾ ಸಮಿತಿಯಲ್ಲೇ ನಿರ್ಧಾರವಾಗುತ್ತೆ. ಅದರಲ್ಲಿ ಕಾಲುವೆವಾರು ಕ್ಯೂಸೆಕ್ ಬರೀತಾರೆ. ಕೊನೆಗೆ ಒಂದು ಸಾಲು, ‘ನದಿಗೆ’ ಅಂತ, ಸೇರಿಸಿ ಎಂದು ನಮ್ಮ ಶಾಸಕರನ್ನು ಮುಂದಿನ ಸಭೆಗೆ ಮುಂಚೆ ಕೇಳಬಹುದು. ಸಮಿತಿಯ ಸಭೆಯಲ್ಲಿ ಅವರಿಗೆ ಕುರ್ಚಿ ಇದೆ.