ಊರಿನ ಲೆಕ್ಕ 6: ಹೊರಗಿನವರು ನಮ್ಮ ಕೆಲಸ ಕಿತ್ಕೊಂಡ್ರಾ?

ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ತರೀಕೆರೆ ಕಡೆ ಒಂದು ಮಾತು ಕೇಳಿಸುತ್ತೆ: "ಎಲ್ಲಿ ನೋಡಿದ್ರೂ ಹಿಂದಿಯವರೇ, ನಮ್ಮ ಹುಡುಗರಿಗೆ ಕೆಲಸ ಎಲ್ಲಿ?" ನಮ್ಮ ಕ್ಲಾಸ್ ಗ್ರೂಪಲ್ಲೂ ಇದೇ ಜಗಳ. ಸ್ಟಿಕರ್ ಕಳ್ಸಿ ಮುಗಿಸೋ ವಿಷಯ ಅಲ್ಲ ಇದು. ಅದಕ್ಕೇ ಈ ಉದ್ದ ಕ್ಯಾಪ್ಷನ್. 👇

1️⃣ ಮೊದಲು ಊರು ಬಿಟ್ಟವರು ಯಾರು?
ಭಾನುವಾರ ಸಂಜೆ ಕಡೂರು, ಬೀರೂರು ಸ್ಟೇಷನ್‌ನಲ್ಲಿ ಬೆಂಗಳೂರು ರೈಲಿಗೆ ಕಾಯೋರನ್ನ ನೋಡಿ. ಎಲ್ಲಾ ನಮ್ಮೋರೇ. ಮಳೆ ಕೈ ಕೊಟ್ಟ ವರ್ಷ ಕಡೂರಿನ ಬಯಲು ಸೀಮೆಯಿಂದ, ಈರುಳ್ಳಿ ರೇಟು ಬಿದ್ದ ವರ್ಷ ಅಜ್ಜಂಪುರದಿಂದ ಹೊರಡೋರು ಇನ್ನೂ ಜಾಸ್ತಿ. ಡಿಗ್ರಿ ಆದವರಂತೂ ತೋಟದ ಕೆಲಸಕ್ಕೆ ವಾಪಸ್ ಬರಲ್ಲ, ಅದು ತಪ್ಪೂ ಅಲ್ಲ. ಆದ್ರೆ ಖಾಲಿ ಬಿಟ್ಟ ಜಾಗಕ್ಕೆ ಬಂದವರನ್ನ "ಕಿತ್ಕೊಂಡ್ರು" ಅನ್ನೋದು ಹೇಗೆ?

2️⃣ ಇದು ಹೊಸದೂ ಅಲ್ಲ
ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ಹಿಂದೆ ತಮಿಳುನಾಡಿನಿಂದ, ಘಟ್ಟದ ಕೆಳಗಿನಿಂದ ಆಳುಗಳು ಬರ್ತಿದ್ರು. ಈಗ ಅಸ್ಸಾಂ, ಜಾರ್ಖಂಡ್‌ನಿಂದ ಬರ್ತಾರೆ. ಪಕ್ಕದ ಭದ್ರಾವತಿ ಕಬ್ಬಿಣದ ಕಾರ್ಖಾನೆಗೂ ತಮಿಳು ಕಾರ್ಮಿಕರು ಬಂದ್ರು. ಅವರ ಮೊಮ್ಮಕ್ಕಳು ಇವತ್ತು ಭದ್ರಾವತಿಯವರೇ.

3️⃣ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೆಲಸ ಗಂಟು
ಗೊನೆ ಇಳಿದ್ರೆ ತಾನೇ ಸುಲಿಯೋದು, ಬೇಯಿಸೋದು, ಒಣಗಿಸೋದು? ಆಮೇಲೆ ಲಾರಿ, ಮಂಡಿ, ಜಿಎಸ್‌ಟಿ ಬಿಲ್, ಆಡಿಟ್. ಮಂಡಿಯಲ್ಲಿ ಲೆಕ್ಕ ಬರೆಯೋ ಬಿಕಾಂ ಹುಡುಗಿಯ ಸಂಬಳ ಆ ಗೊನೆ ಇಳಿಸಿದವನ ಮೇಲೆ ನಿಂತಿದೆ.

2020ರ ಮೇ ನೆನಪಿದ್ಯಾ? ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ಕಾರ್ಮಿಕರ ರೈಲುಗಳು ಬೇಡ ಅಂತ ನಮ್ಮ ರಾಜ್ಯ ಸರ್ಕಾರ ರೈಲ್ವೆಗೆ ಬರೆದಿತ್ತು. ಅದಕ್ಕೂ ಮುಂಚೆ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆಗಿತ್ತು. ಎಲ್ಲರೂ ಬೈದ ಮೇಲೆ ನಿರ್ಧಾರ ಬದಲಾಯ್ತು. ಇವರಿಲ್ಲದೆ ಕೆಲಸ ನಿಲ್ಲುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಗೌರವ ಕೊಡೋಕೆ ಮಾತ್ರ ಮನಸ್ಸಿರಲಿಲ್ಲ.

4️⃣ ಹಾಗಾದ್ರೆ ಕೂಲಿ ಬೀಳಲ್ವಾ?
ಪ್ರಶ್ನೆ ನ್ಯಾಯವಾದದ್ದೇ. 1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ಅಮೆರಿಕಕ್ಕೆ ಬಂದ್ರು. ಮಯಾಮಿಯ ದುಡಿಯೋ ಜನ ಒಂದೇ ಸಲಕ್ಕೆ ಶೇ. 7ರಷ್ಟು ಹೆಚ್ಚಾಯ್ತು. ಸ್ಥಳೀಯರ ಕೂಲಿ ಮೇಲೆ ಅಂಥ ಪೆಟ್ಟೇನೂ ಬಿದ್ದಿಲ್ಲ ಅಂತ ಡೇವಿಡ್ ಕಾರ್ಡ್ 1990ರಲ್ಲಿ ಬರೆದ್ರು. ಇವರಿಗೆ 2021ರಲ್ಲಿ ನೊಬೆಲ್ ಬಂತು. ಜಾರ್ಜ್ ಬೋರ್ಹಾಸ್ ಅನ್ನೋ ಇನ್ನೊಬ್ಬ ಅರ್ಥಶಾಸ್ತ್ರಜ್ಞರು ಇದನ್ನ ಒಪ್ಪಲಿಲ್ಲ. ತೀರಾ ಕಡಿಮೆ ಓದಿದವರ ಕೂಲಿ ಬಿತ್ತು ಅಂತ ಅವರ ವಾದ.

ಅಂದ್ರೆ ತೋಟದ ಮಾಲೀಕನಿಗೆ, ಮಂಡಿಗೆ, ನಮ್ಮಂಥ ಓದಿದವರಿಗೆ ಲಾಭ. ಪೆಟ್ಟು ಬೀಳೋದಾದ್ರೆ ಜಮೀನಿಲ್ಲದ ನಮ್ಮೂರ ಕೂಲಿಯವರಿಗೆ. ಅವರ ಸಿಟ್ಟನ್ನ ನಗಾಡಬೇಡಿ. ಆದ್ರೆ ಅಸ್ಸಾಂನ ಹುಡುಗ ಕಡಿಮೆ ಕೂಲಿಗೆ ದುಡಿಯೋದು ಆಸೆಯಿಂದ ಅಲ್ಲ. ಕರ್ಕೊಂಡು ಬಂದ ಮೇಸ್ತ್ರಿ ನಡುವೆ ಮುರ್ಕೊಳ್ತಾನೆ, ಭಾಷೆ ಬರಲ್ಲ, ಕೇಳೋರಿಲ್ಲ. ಒಂದೇ ಕೆಲಸಕ್ಕೆ ಸ್ಥಳೀಯರಿಗಿಂತ ಕಡಿಮೆ ಕೊಡಬಾರದು ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಅದು ನಿಜವಾಗಿ ಜಾರಿಯಾದ್ರೆ ಇವನನ್ನ ತೋರಿಸಿ ಅವರ ಕೂಲಿ ಇಳಿಸೋಕೆ ಆಗಲ್ಲ. ಅವನ ಕೂಲಿ ಕಾಪಾಡಿದ್ರೆ ನಮ್ಮೋರ ಕೂಲಿಯೂ ಉಳಿಯುತ್ತೆ.

5️⃣ ಮೀಸಲಾತಿ ಮಾಡಿದ್ರೆ?
2024ರ ಜುಲೈಯಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಅನ್ನೋ ಮಸೂದೆಗೆ ನಮ್ಮ ಸಂಪುಟ ಒಪ್ಪಿತು. ಎರಡೇ ದಿನದಲ್ಲಿ ತಡೆ ಬಿತ್ತು. ಕೇಳೋಕೆ ಖುಷಿ. ಆದ್ರೆ ತೆಲಂಗಾಣ, ಮಹಾರಾಷ್ಟ್ರವೂ ಹೀಗೇ ಮಾಡಿದ್ರೆ ಹೈದರಾಬಾದ್, ಪುಣೆಯಲ್ಲಿರೋ ನಮ್ಮ ಅಣ್ಣ ಅಕ್ಕಂದಿರು ಎಲ್ಲಿಗೆ ಹೋಗ್ಬೇಕು? ಹೊರದೇಶದಲ್ಲಿ ದುಡಿಯೋ ಭಾರತೀಯರು 2022ರಲ್ಲಿ ಮನೆಗೆ ಕಳಿಸಿದ್ದು 100 ಬಿಲಿಯನ್ ಡಾಲರ್‌ಗೂ ಹೆಚ್ಚು. ನಮ್ಮೋರು ಹೊರಗೆ ಹೋದ್ರೆ ಹೆಮ್ಮೆ, ಹೊರಗಿನೋರು ಇಲ್ಲಿಗೆ ಬಂದ್ರೆ ತಲೆನೋವು ಅಂದ್ರೆ ಲೆಕ್ಕ ಟ್ಯಾಲಿ ಆಗಲ್ಲ.

ನಾನು ಕೇಳೋದು ಮೂರೇ: ಬಂದವರ ಹೆಸರು ಪಂಚಾಯ್ತಿಯಲ್ಲಿ ದಾಖಲಾಗ್ಲಿ, ಕೂಲಿ ಮೇಸ್ತ್ರಿ ಕೈಗಲ್ಲ ಅವರ ಖಾತೆಗೇ ಬೀಳ್ಲಿ, ಒಂದೇ ಕೆಲಸಕ್ಕೆ ಒಂದೇ ರೇಟು ಇರ್ಲಿ. ಜೊತೆಗೆ ನಾಲ್ಕು ಮಾತು ಕನ್ನಡ ನಾವೇ ಕಲಿಸೋಣ.

ಒಪ್ಪದವರು ಕಾಮೆಂಟ್‌ನಲ್ಲಿ ಬನ್ನಿ. ಆದ್ರೆ ಮೊದಲು ಇದಕ್ಕೆ ಉತ್ತರ ಕೊಡಿ: ನಿಮ್ಮ ಮನೆಯಿಂದ ಎಷ್ಟು ಜನ ಊರು ಬಿಟ್ಟು ದುಡೀತಿದ್ದಾರೆ?

#ಊರಿನಲೆಕ್ಕ #ಕಡೂರು #ತರೀಕೆರೆ #ಅಜ್ಜಂಪುರ #ಬಿಕಾಂಮಾತು