ಪತ್ತೇದಾರಿ ಕಥೆಗಳೂ ಪಂಡಿತಂಮನ್ಯರೂ

ನಮ್ಮ ಜಿಲ್ಲೆಯ ವಿದ್ವಜ್ಜನರಲ್ಲಿ ಒಂದು ದೂರು ಇತ್ತೀಚೆಗೆ ಪದೇ ಪದೇ ಕೇಳಬರುತ್ತಿರುವದು. ರೋಣ, ನರಗುಂದ, ಗಜೇಂದ್ರಗಡಗಳ ಸುಶಿಕ್ಷಿತ ಮನೆತನಗಳ ಮಕ್ಕಳು ಪತ್ತೇದಾರರ ಮತ್ತು ಗೂಢಚಾರರ ಕಥಾಮಾಲೆಗಳನ್ನು ಓದುವದಷ್ಟೇ ಅಲ್ಲದೆ, ಅವುಗಳ ಹಿಂದೆ ಬಿದ್ದಿದ್ದಾರೆ. ಯಾವ ಪುಸ್ತಕದ ತರುವಾಯ ಯಾವದು ಬಂದಿತೆಂದು ಯಾದಿ ಬರೆಯುತ್ತಾರೆ. ಪಾತ್ರಗಳ ವಂಶಾವಳಿ ಕಟ್ಟುತ್ತಾರೆ. ಒಂದು ಕಥೆಯಲ್ಲಿ ಎಡಗೈಗೆ ಗಾಯವಾದ ನಾಯಕನಿಗೆ ಮುಂದಿನದರಲ್ಲಿ ಬಲಗೈಯಲ್ಲಿ ಕಲೆಯಿರುವದು ಹ್ಯಾಗೆಂದು ತಮ್ಮತಮ್ಮೊಳಗೆ ವಾದಿಸುತ್ತಾರೆ. ಇದು ಕಾಲಹರಣವೆಂದೂ ಭಾಷೆಗೆ ಕಳಂಕವೆಂದೂ ಹಲವರು ಹಿರಿಯರ ಅಭಿಪ್ರಾಯ. ಈ ಅಭಿಪ್ರಾಯವು ಕೇವಲ ತಪ್ಪಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನು. ಆದರೆ ಇದರಿಂದ ಕನ್ನಡಕ್ಕೆ ಪ್ರತ್ಯಕ್ಷ ಹಾನಿಯಾಗುತ್ತಿರುವದರಿಂದ ವಾಚಕ ಮಹಾಶಯರ ಮುಂದೆ ನಾಲ್ಕು ಮಾತು ಆಡುವದು ಅವಶ್ಯವಾಗಿದೆ.

ವಾದದ ಮರ್ಯಾದೆಯಂತೆ ಪೂರ್ವಪಕ್ಷವನ್ನು ಮೊದಲು ಹೇಳುವೆನು. ಆಕ್ಷೇಪಗಳು ಮೂರು. ಒಂದನೆಯದು, ಗೂಢಚಾರರ ಕಥೆಯು ಹೀನವಸ್ತು, ಪರದೇಶದಿಂದ ಬಂದ ಸರಕು. ಎರಡನೆಯದು, ಇದನ್ನೋದಿದರೆ ಎಳೆಯರ ಶೀಲ ಕೆಡುವದು. ಮೂರನೆಯದು, ಓದಿದರೂ ಓದಲಿ, ಅದಕ್ಕೆ ಯಾದಿ, ಟಿಪ್ಪಣಿಗಳನ್ನು ಬರೆಯುವದು ಹೊಟ್ಟು ಕುಟ್ಟಿದ ಹಾಗೆ. ಈ ಮೂರಕ್ಕೂ ಕ್ರಮವಾಗಿ ಸಮಾಧಾನವನ್ನು ಹೇಳುತ್ತೇನೆ.

ಪರದೇಶದ ಸರಕೆಂದು ಅನ್ನುವವರು ರೋಣ ತಾಲೂಕಿನ ಸವಡಿಗೆ ಒಮ್ಮೆ ಹೋಗಿಬರಬೇಕು. ಕನ್ನಡದಲ್ಲಿ ಪಂಚತಂತ್ರವನ್ನು ಸುಮಾರು 1031ರಲ್ಲಿ ಬರೆದ ದುರ್ಗಸಿಂಹನು ತನ್ನದೆಂದು ಹೇಳಿಕೊಂಡಿರುವ ಕಿಸುಕಾಡುನಾಡಿನ ಸಯ್ಯಡಿಯೆಂಬ ಅಗ್ರಹಾರವು ಈ ಸವಡಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದನು; ಎಂದರೆ ಪರರಾಜರೊಡನೆ ಸ್ನೇಹ ಮತ್ತು ಕಲಹಗಳನ್ನು ನೋಡಿಕೊಳ್ಳುವ ಅಧಿಕಾರಿ. ಬೇಹಿನವರು ತಂದ ಸುದ್ದಿಯಿಲ್ಲದೆ ಒಂದು ದಿನವೂ ಸಾಗದ ಉದ್ಯೋಗವದು. ಅಂಥವನು ತನ್ನ ಗ್ರಂಥದ ಪ್ರಕರಣಗಳಿಗೆ ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದು ಹೆಸರಿಟ್ಟನು. ಇಂದಿನ ಯಾವ ಗೂಢಚಾರ ಕಾದಂಬರಿಯಾದರೂ ಈ ಐದು ಹೆಸರುಗಳ ಹೊರಗಿದೆಯೇ?

ಪಾಠಶಾಲೆಯಲ್ಲಿ ನಾವೆಲ್ಲರೂ ಓದಿದ ವಿಷ್ಣುಶರ್ಮನ ಪಾಠದಲ್ಲಿ ಕಾಗೆ-ಗೂಗೆಗಳ ವೈರದ ಕಥೆಯೊಂದಿದೆ. ಕಾಗೆಗಳ ಮುದಿ ಮಂತ್ರಿಯು ತನ್ನವರಿಂದಲೇ ಗರಿ ಕೀಳಿಸಿಕೊಂಡು, ಮೈಗೆ ನೆತ್ತರು ಬಳಿಸಿಕೊಂಡು, ಒಡೆಯನಿಂದ ತಿರಸ್ಕೃತನಾದವನಂತೆ ಗೂಗೆಗಳ ಆಶ್ರಯ ಬೇಡುತ್ತಾನೆ. ಇವನನ್ನು ನಂಬಬೇಡಿರೆಂದು ಎಚ್ಚರಿಸುವವನು ಗೂಗೆಗಳ ಮಂತ್ರಿಗಳಲ್ಲಿ ಒಬ್ಬನೇ. ಅವನ ಮಾತನ್ನು ಯಾರೂ ಕೇಳುವದಿಲ್ಲ. ಕಾಗೆಯು ಗುಹೆಯ ಬಾಗಿಲಲ್ಲಿ ದಿನಕ್ಕೊಂದು ಕಡ್ಡಿಯನ್ನು ಕೂಡಿಸಿ, ಕೊನೆಗೆ ಬೆಂಕಿಯನ್ನು ತರಿಸುತ್ತದೆ. ಇದು ಅಚ್ಚ ಗೂಢಚಾರ ಕಥೆ. ಇದನ್ನು ಬರೆದದ್ದು ರಾಜಕುಮಾರರಿಗಾಗಿ, ಎಂದರೆ ಬಾಲಕರಿಗಾಗಿ. ಇದನ್ನು ನಾವು ನೀತಿಶಾಸ್ತ್ರವೆಂದು ಕಂಠಪಾಠ ಮಾಡಿದೆವು. ಮೊಮ್ಮಗನ ಕೈಯಲ್ಲಿರುವದನ್ನು ಮಾತ್ರ ಹೀನವಸ್ತುವೆನ್ನುತ್ತೇವೆ!

ಇನ್ನು ವಿಶಾಖದತ್ತನ ಮುದ್ರಾರಾಕ್ಷಸ. ಚಾಣಕ್ಯನ ಬೇಹಿನವನು ಯಮನ ಚಿತ್ರಪಟವನ್ನು ಹಿಡಿದು ಮನೆ ಮನೆ ತಿರುಗುತ್ತ ರಾಕ್ಷಸನ ಮುದ್ರೆಯುಂಗುರವನ್ನು ದೊರಕಿಸುತ್ತಾನೆ. ರಾಕ್ಷಸನ ಕಡೆಯವನು ಹಾವಾಡಿಗನ ವೇಷದಲ್ಲಿ ಬರುತ್ತಾನೆ. ಆ ಒಂದು ಉಂಗುರದ ಸುತ್ತಲೇ ನಾಟಕವೆಲ್ಲ ತಿರುಗುವದು. ಈ ವಸ್ತುವನ್ನೇ ಕೆಂಪುನಾರಾಯಣನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಮುದ್ರಾಮಂಜೂಷವೆಂಬ ಗದ್ಯಗ್ರಂಥವಾಗಿ ಬರೆದನು. ಹೊಸಗನ್ನಡ ಗದ್ಯದ ಇತಿಹಾಸವನ್ನು ಹೇಳುವವರೆಲ್ಲರೂ ಮೊದಲು ಹೆಸರಿಸುವ ಗ್ರಂಥಗಳಲ್ಲಿ ಅದೊಂದು. ಕನ್ನಡ ಗದ್ಯವು ಹೊಸ ಕಾಲಕ್ಕೆ ಕಾಲಿಟ್ಟದ್ದು ಬೇಹಿನವರ ಹೆಗಲ ಮೇಲೆ ಕೈಯಿಟ್ಟುಕೊಂಡೇ ಎಂದರೆ ಅತಿಶಯೋಕ್ತಿಯಲ್ಲ.

ಇಂಗ್ಲೆಂಡದ ಆಂಟನಿ ಹೊರೊವಿಟ್ಜ್ ಎಂಬವರು 2000ದಲ್ಲಿ ಆರಂಭಿಸಿದ ಅಲೆಕ್ಸ್ ರೈಡರ್ ಮಾಲೆಯಲ್ಲಿ ಹದಿನಾಲ್ಕು ವರ್ಷದ ಶಾಲಾಬಾಲಕನು ಗೂಢಚಾರನಾಗುವನು. ಶಾಲೆಯ ಹುಡುಗನಿಗೆ ಇಂಥ ಕೆಲಸ ಕಟ್ಟುವದು ಪಾಶ್ಚಾತ್ಯರ ವಿಕಾರಬುದ್ಧಿಯೆಂದು ಮೂಗು ಮುರಿಯುವವರು ಅರ್ಥಶಾಸ್ತ್ರವನ್ನು ತೆರೆದು ನೋಡಲಿ. ಕೌಟಿಲ್ಯನು ಗೂಢಪುರುಷರನ್ನು ಎಣಿಸುವಾಗ ಎಲ್ಲರಿಗಿಂತ ಮೊದಲು ಹೇಳುವದು ಕಾಪಟಿಕನನ್ನು. ಈ ಕಾಪಟಿಕನು ಪರರ ಮರ್ಮವನ್ನರಿತ ಧಿಟ್ಟನಾದ ವಿದ್ಯಾರ್ಥಿ. ಸನ್ಯಾಸಿ, ಒಕ್ಕಲಿಗ, ವ್ಯಾಪಾರಿ, ತಾಪಸರ ವೇಷದವರು ಅವನ ಹಿಂದೆ ಬರುತ್ತಾರೆ.

ಎರಡನೆಯ ಆಕ್ಷೇಪವು ಶೀಲದ್ದು. ಕನ್ನಡದ ಪತ್ತೇದಾರಿ ಕಾದಂಬರಿಯ ಪರಂಪರೆಯನ್ನು ನೋಡಿದವರು ಈ ಮಾತನ್ನು ಆಡಲಾರರು. ಎನ್. ನರಸಿಂಹಯ್ಯನವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಆದರೂ ಐದುನೂರಕ್ಕೆ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದು 2011ರಲ್ಲಿ ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದುವ ಆಸೆಯಿಂದಲೇ ಅಕ್ಷರದ ರುಚಿ ಹತ್ತಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹಳದಿ-ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಯಾರು? ಅವರೂ ಪತ್ತೇದಾರಿ ಕಾದಂಬರಿಕಾರರೇ. ಪತ್ತೇದಾರಿ ಕಥೆಗಳಿಂದ ಹೆಸರಾದ ಟಿ. ಕೆ. ರಾಮರಾವ್ ಅವರ ಲೇಖನಿಯಿಂದಲೇ ಬಂಗಾರದ ಮನುಷ್ಯ ಹೊರಟಿತು. 1972ರಲ್ಲಿ ಅದು ಚಿತ್ರವಾದಾಗ ನಾಡಿಗೆ ನಾಡೇ ನೋಡಿತು. ಈ ಕಥೆಗಳಲ್ಲಿ ಕಳ್ಳನು ಕೊನೆಗೆ ಸಿಕ್ಕಿಬೀಳುವನು, ಸತ್ಯವು ಹೊರಬೀಳುವದು. ಲೋಕದಲ್ಲಿ ಹಾಗಾಗದಿರುವದನ್ನು ದಿನವೂ ವೃತ್ತಪತ್ರಿಕೆಯಲ್ಲಿ ಓದುವ ಹುಡುಗನಿಗೆ, ಆಗಬೇಕಾದದ್ದು ಹೀಗೆ ಎಂದು ಹೇಳುವ ಕಥೆಯಿಂದ ಶೀಲ ಕೆಡುವದೆಂತು? ಎಲ್ಲವೂ ಒಳ್ಳೆಯ ಪುಸ್ತಕಗಳೆಂದು ನಾನು ಹೇಳುವದಿಲ್ಲ. ಅವಸರದಲ್ಲಿ ಬರೆದವು, ಇಂಗ್ಲಿಷಿನಿಂದ ಹೆಸರು ಹೇಳದೆ ಎತ್ತಿದವು, ಬರಿಯ ರಕ್ತಪಾತದಿಂದ ಹೊಟ್ಟೆ ಹೊರೆಯುವವು ಅವುಗಳಲ್ಲಿ ಇವೆ. ಆದರೆ ಜೊಳ್ಳು ಇದೆಯೆಂದು ಕಣವನ್ನೇ ಸುಡುವ ಒಕ್ಕಲಿಗನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ. ತೂರುವದಕ್ಕೆ ಮೊದಲು ರಾಶಿಯು ಕಣದಲ್ಲಿರಬೇಕು.

ಹೀಗೆ ಮೂರನೆಯ ಆಕ್ಷೇಪಕ್ಕೆ ಬಂದೆವು, ಮುಖ್ಯವಾದದ್ದು ಇದೇ. ಯಾದಿ ಬರೆಯುವದು ವ್ಯರ್ಥವಂತೆ! ಹಾಗಾದರೆ ಕಾತ್ಯಾಯನನ ಸರ್ವಾನುಕ್ರಮಣಿಯು ಏನು? ಋಗ್ವೇದದ ಒಂದೊಂದು ಸೂಕ್ತದ ಆರಂಭದ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು, ಇವುಗಳ ಯಾದಿಯೇ ಅಲ್ಲವೇ? ವೇದವನ್ನೂ ಪತ್ತೇದಾರಿ ಕಥೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಕಾಯುವ ವಿಧಾನವು ಒಂದೇ ಎನ್ನುತ್ತೇನೆ. ರಾ. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ಕರ್ಣಾಟಕ ಕವಿಚರಿತೆಯು, ಯಾವ ಕವಿ, ಯಾವ ಕಾಲ, ಯಾವ ಗ್ರಂಥ ಎಂದು ಹುಡುಕಿ ಜೋಡಿಸಿದ ಮಹಾಯಾದಿ. ಅದಿಲ್ಲದೆ ಇಂದು ಕನ್ನಡ ಸಾಹಿತ್ಯದ ಇತಿಹಾಸವನ್ನು ಬರೆಯಲು ಕೂಡ್ರುವ ಧೈರ್ಯ ಯಾರಿಗಿದೆ? ಅಕ್ಕರೆಯು ಮೊದಲು, ಯಾದಿಯು ಆಮೇಲೆ, ವಿಮರ್ಶೆಯು ಕಡೆಗೆ: ವಿದ್ಯೆಯು ಬೆಳೆಯುವ ಕ್ರಮವಿದು. ಮೊದಲಿನ ಎರಡು ಮೆಟ್ಟಿಲುಗಳನ್ನು ಒದ್ದು ಕೆಡವಿ ಮೂರನೆಯದರ ಮೇಲೆ ನಿಲ್ಲಬೇಕೆನ್ನುವವರು ಪಂಡಿತರಲ್ಲ, ಪಂಡಿತಂಮನ್ಯರು.

ಹೊರನಾಡಿನ ಒಂದು ಉದಾಹರಣೆಯನ್ನೂ ನೋಡಿರಿ. ಕಾನನ್ ಡಾಯ್ಲ್ ಎಂಬವರು 1893ರಲ್ಲಿ ತಮ್ಮ ಪತ್ತೇದಾರ ಶೆರ್ಲಾಕ್ ಹೋಮ್ಸನನ್ನು ಕಥೆಯಲ್ಲಿ ಕೊಂದರು. ವಾಚಕರು ಸುಮ್ಮನಿರಲಿಲ್ಲ, 1903ರಲ್ಲಿ ಕರ್ತೃವು ಅವನನ್ನು ಮತ್ತೆ ಬದುಕಿಸಬೇಕಾಯಿತು. ಅಭಿಮಾನಿಗಳು 1934ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಮಂಡಳಿಯನ್ನೇ ಕಟ್ಟಿಕೊಂಡು, ಕಥೆಗಳ ಕಾಲಾನುಕ್ರಮವನ್ನು ವಿಚಾರಿಸಹತ್ತಿದರು. ಅವರನ್ನೂ ಜನ ನಕ್ಕಿರಬಹುದು. ಆದರೆ ಆ ಕಥೆಗಳಲ್ಲಿ ಒಂದೂ ಕಳೆದುಹೋಗಿಲ್ಲ.

ನಮ್ಮಲ್ಲಿಯ ಅವಸ್ಥೆಯೇನು? ನರಸಿಂಹಯ್ಯನವರ ಐದುನೂರಕ್ಕೆ ಮಿಕ್ಕಿದ ಪುಸ್ತಕಗಳಲ್ಲಿ ಹತ್ತನ್ನಾದರೂ ಈ ಮೂರು ತಾಲೂಕುಗಳ ಯಾವ ಕಪಾಟಿನಲ್ಲಿ ತೋರಿಸಬಲ್ಲಿರಿ? ಅಗ್ಗದ ಕಾಗದದಲ್ಲಿ ಅಚ್ಚಾದ ಆ ಪುಸ್ತಕಗಳು ಬಾಡಿಗೆಯ ವಾಚನಾಲಯಗಳಲ್ಲಿ ಕೈಯಿಂದ ಕೈಗೆ ಹೋಗಿ, ಹೊಲಿಗೆ ಬಿಚ್ಚಿ, ರಟ್ಟು ಕಳಚಿ, ಕೊನೆಗೆ ರದ್ದಿಯವನ ತಕ್ಕಡಿ ಸೇರಿದವು. ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯ ಮೊದಲಾದವುಗಳಿಗೆ ಕಳಿಸಬೇಕೆಂದು 1954ರಲ್ಲಿ ಕಾಯಿದೆಯಾಯಿತು. 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಬಂದಿತು. ಆದರೆ ಪುಸ್ತಕವನ್ನು ಕಾಯಿದೆ ಕಾಯುವದಿಲ್ಲ, ಮನುಷ್ಯನು ಕಾಯುತ್ತಾನೆ. ಅರ್ಥಶಾಸ್ತ್ರದ ಓಲೆಯ ಕಟ್ಟನ್ನು ತಂಜಾವೂರು ಸೀಮೆಯ ಪಂಡಿತನೊಬ್ಬನು ಮೈಸೂರಿನ ಗ್ರಂಥಭಂಡಾರಕ್ಕೆ ತಂದುಕೊಟ್ಟನು. 1905ರಲ್ಲಿ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಓಲೆಯನ್ನು ಕಾದ ಆ ಪಂಡಿತನ ಹೆಸರನ್ನು ಇಂದು ಯಾರೂ ಹೇಳುವದಿಲ್ಲ. ಅವನ ಮನೆಯವರು ಹಳೆಯ ಓಲೆಯೆಂದು ಅದನ್ನು ಒಲೆಗೆ ಹಾಕಿದ್ದರೆ ನಾವು ಕೌಟಿಲ್ಯನ ಹೆಸರನ್ನು ಮಾತ್ರ ಕೇಳಿಕೊಂಡಿರುತ್ತಿದ್ದೆವು.

ನನಗೆ ಪರಿಚಿತನಾದ ತರುಣನೊಬ್ಬನು ಇಂಥ ಕಾವಲಿಗೆ ನಿಂತಿದ್ದನು. ಅವನ ಎರಡು ದಪ್ಪ ವಹಿಗಳನ್ನು ನಾನು ಪುಟಪುಟವಾಗಿ ನೋಡಿದ್ದೇನೆ. ಪುಸ್ತಕದ ಹೆಸರು, ಅಚ್ಚಾದ ವರ್ಷ, ಪ್ರಕಾಶಕರು, ಬೆಲೆ, ಪುಟಸಂಖ್ಯೆ, ಪತ್ತೇದಾರನ ಹೆಸರು, ಕಥೆ ನಡೆಯುವ ಊರು, ಎಲ್ಲವೂ ಅಚ್ಚುಕಟ್ಟಾಗಿ ಅಂಕಣಗಳಲ್ಲಿದ್ದವು. ಒಂದೇ ಕಥೆ ಎರಡು ಹೆಸರುಗಳಿಂದ ಮಾರಾಟವಾದದ್ದನ್ನು ಅವನು ಕಂಡುಹಿಡಿದು ಕೆಂಪು ಶಾಯಿಯಲ್ಲಿ ಗುರುತಿಸಿದ್ದನು. ಅವನು ಪರಸ್ಥಳಕ್ಕೆ ಪರೀಕ್ಷೆಗೆಂದು ಹೋದಾಗ ಮನೆಯ ಹಿರಿಯರು, ಹುಡುಗನ ಹುಚ್ಚು ಬಿಡಲೆಂದು, ಅವನು ಸಂತೆ ಸಂತೆಗಳಲ್ಲಿ ಕೂಡಿಸಿದ ಮೂರು ಚೀಲ ಪುಸ್ತಕಗಳನ್ನು ರದ್ದಿಗೆ ಹಾಕಿದರು. ಆ ಹಿರಿಯರು ಓದಿಕೊಂಡವರು. ಸಭೆಗಳಲ್ಲಿ ಕನ್ನಡವು ಉಳಿಯಬೇಕೆಂದು ಭಾಷಣ ಮಾಡುವವರು. ವಹಿಗಳು ಉಳಿದಿವೆ. ಅವುಗಳಲ್ಲಿ ಹೆಸರಿರುವ ಪುಸ್ತಕಗಳು ಎಲ್ಲಿಯಾದರೂ ಉಳಿದಿವೆಯೋ ಇಲ್ಲವೋ, ದೇವರೇ ಬಲ್ಲನು.

ಇಷ್ಟು ಹೇಳಿ ಹುಡುಗರ ಪರವಾಗಿ ಮಾತ್ರ ವಕಾಲತ್ತು ಹಾಕಿ ಕುಳಿತುಕೊಳ್ಳುವವನು ನಾನಲ್ಲ. ಅವರಿಗೂ ಎರಡು ಮಾತುಗಳಿವೆ. ಅಭಿಮಾನವೆಂದರೆ ಸ್ತೋತ್ರವಲ್ಲ. ನಿಮ್ಮ ನೆಚ್ಚಿನ ಲೇಖಕನು ಎಡವಿದಲ್ಲಿ ಎಡವಿದನೆಂದೇ ಬರೆಯಿರಿ; ಎಲ್ಲಿಂದಾದರೂ ಎತ್ತಿದ್ದರೆ ಮೂಲವನ್ನು ಹುಡುಕಿ ಹೇಳಿರಿ. ಹಾಗೆ ಹೇಳುವದರಿಂದ ಲೇಖಕನ ಮಾನಕ್ಕೆ ಕುಂದಿಲ್ಲ; ಬಂಗಾಲಿಯಿಂದ ತಂದ ಬಿ. ವೆಂಕಟಾಚಾರ್ಯರನ್ನೂ, ಮರಾಠಿಯಿಂದ ತಂದು, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರನ್ನೂ ನಾಡು ಗೌರವಿಸಿಯೇ ಇದೆ. ಮತ್ತು ಇಂಗ್ಲಿಷ್ ಮಾಲೆಗಳಿಗೆ ಯಾದಿ ಕಟ್ಟುವವರು ನಿಮ್ಮ ಶ್ರಮದ ಅರ್ಧವನ್ನಾದರೂ ಕನ್ನಡದ ಪತ್ತೇದಾರರಿಗೆ ಕೊಡಿರಿ. ಅಲೆಕ್ಸ್ ರೈಡರನ ಪುಸ್ತಕವನ್ನು ಕಾಯುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಪುರುಷೋತ್ತಮನನ್ನು ಕಾಯುವವರು ನಮ್ಮ ಹೊರತು ಇನ್ನಾರು?

ಸಾಹಿತ್ಯಸಂಘದ ಮಹನೀಯರಲ್ಲಿ ನನ್ನ ಬೇಡಿಕೆಯು ಸ್ಪಷ್ಟವಿದೆ. ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಪತ್ತೇದಾರಿ ಮತ್ತು ಗೂಢಚಾರ ಕಾದಂಬರಿಗಳಿಗೆ ಮೀಸಲಿಡಬೇಕು. ಮನೆಮನೆಯ ಅಟ್ಟಗಳಲ್ಲಿ ಬಿದ್ದಿರುವ ಹಳೆಯ ಪ್ರತಿಗಳನ್ನು, ರಟ್ಟಿಲ್ಲದಿದ್ದರೂ, ಮೊದಲ ಪುಟವಿಲ್ಲದಿದ್ದರೂ, ಕೇಳಿ ತರಿಸಿಕೊಳ್ಳಬೇಕು. ಅವುಗಳ ಯಾದಿಯನ್ನು ಬರೆಯುವ ಕೆಲಸವನ್ನು ಈ ಹುಡುಗ ಹುಡುಗಿಯರಿಗೇ ಒಪ್ಪಿಸಿ, ಅವರ ಹೆಸರಿನಿಂದಲೇ ಈ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚು ಹಾಕಬೇಕು. ಇದಕ್ಕೆ ತಗಲುವ ವೆಚ್ಚವು ಒಂದು ಸನ್ಮಾನ ಸಮಾರಂಭದ ಶಾಲು ಹಾರಗಳ ವೆಚ್ಚಕ್ಕಿಂತ ಹೆಚ್ಚಾಗದು.

ಪುಸ್ತಕದ ಯೋಗ್ಯತೆಯನ್ನು ಮುಂದಿನವರು ನಿರ್ಣಯಿಸಲಿ. ನಿರ್ಣಯಿಸುವದಕ್ಕೆ ಪುಸ್ತಕವು ಅವರ ಕೈಯಲ್ಲಿರುವಂತೆ ಮಾಡುವದು ನಮ್ಮ ಕರ್ತವ್ಯ. ಸದ್ಯಕ್ಕೆ ಆ ಕರ್ತವ್ಯವನ್ನು ಮಾಡುತ್ತಿರುವವರು ನಾವು ಕಾಲಹರಣಿಗಳೆಂದು ಹೀಯಾಳಿಸುವ ಮಕ್ಕಳು. ನೆರವಾಗಲು ಮನಸ್ಸಿಲ್ಲದ ಹಿರಿಯರು ಅವರ ಚೀಲಗಳಿಗಾದರೂ ಕೈ ಹಾಕದಿರಲಿ.