ರೋಣದಿಂದ 911 ಒತ್ತಿದರೆ ಗಂಟೆ ಎಲ್ಲಿ ಬಾರಿಸುತ್ತದೆ?

ರೋಣದಲ್ಲಿ ರಾತ್ರಿ ಹತ್ತು ಗಂಟೆ. ಊಟ ಮುಗಿದಿದೆ. ಶಿಕಾಗೋದಲ್ಲಿ ಎಂ.ಎಸ್. ಓದುತ್ತಿರುವ ಮಗನೊಡನೆ ತಂದೆ ಮಾತನಾಡುತ್ತಿದ್ದಾರೆ. ಬೇಸಿಗೆಯ ದಿನವಾದ್ದರಿಂದ ಅಲ್ಲಿ ಬೆಳಗಿನ ಹನ್ನೊಂದೂವರೆ. 'ಅಪ್ಪಾ, ಯಾಕೋ ಎದಿ ಹಿಡದಂಗ ಆಗೇತಿ' ಎನ್ನುತ್ತಾನೆ ಮಗ. ಮುಂದಿನ ಮಾತು ತೊದಲುತ್ತದೆ. ಫೋನು ನೆಲಕ್ಕೆ ಬಿದ್ದ ಸದ್ದು ಕೇಳುತ್ತದೆ. ಆಮೇಲೆ ಏನೂ ಇಲ್ಲ. 'ಏನಾತೋ ತಮ್ಮಾ' ಎಂದು ತಂದೆ ಮೂರು ಸಲ ಕೂಗುತ್ತಾರೆ. ಅಮೆರಿಕದ ತುರ್ತು ಸಂಖ್ಯೆ 911 ಎಂದು ಅವರು ಕೇಳಿ ಬಲ್ಲರು. ಗಡಿಬಿಡಿಯಲ್ಲಿ ಅದನ್ನೇ ಒತ್ತುತ್ತಾರೆ. ಕರೆ ಹೋಗುತ್ತದೆ, ಯಾರೋ ಎತ್ತುತ್ತಾರೆ. ಆದರೆ ಆ ಕಡೆಯಿಂದ ಬರುವ ಪ್ರಶ್ನೆ ಕನ್ನಡದಲ್ಲಿರುತ್ತದೆ.

ಇದು ಕಲ್ಪಿಸಿಕೊಂಡ ಪ್ರಸಂಗ. ಆದರೆ ಇಂಥ ರಾತ್ರಿ ಯಾವ ಮನೆಗೂ ಬರಬಹುದು. ಹಿಂದೆ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಇಂದು ಅದೇ ಊರುಗಳ ಅಟ್ಟದ ಕೋಣೆಯಿಂದ ಭೂಮಿಯ ಆಚೆ ಬದಿಯಲ್ಲಿರುವ ಮಗಳ ಮುಖ ನೋಡುತ್ತಾ ಹರಟಬಹುದು. ಇದರಿಂದ ಒಂದು ಭ್ರಮೆಯೂ ಹುಟ್ಟಿಕೊಂಡಿದೆ. ಎಲ್ಲರೊಡನೆ ಎಲ್ಲಿಂದಾದರೂ ಮಾತನಾಡಬಹುದಾದ ಮೇಲೆ ಅಲ್ಲಿನ ಪೊಲೀಸರನ್ನೂ ಇಲ್ಲಿಂದಲೇ ಕರೆಯಬಹುದು ಎಂದು ಜನ ತಿಳಿದಿರುತ್ತಾರೆ. ತುರ್ತು ಸಂಖ್ಯೆ ಕೆಲಸ ಮಾಡುವ ರೀತಿ ಬೇರೆ.

ಹಳ್ಳಿಯಲ್ಲಿ ಬಸ್ಸಿನಿಂದ ಇಳಿದು 'ಗೌಡ್ರ ಮನಿ ಎಲ್ಲೈತಿ?' ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ನರೇಗಲ್ಲಿನಲ್ಲಿ ಕೇಳಿದರೆ ನರೇಗಲ್ಲಿನ ಗೌಡರ ಮನೆ ಸಿಗುತ್ತದೆ, ಅಬ್ಬಿಗೇರಿಯಲ್ಲಿ ಕೇಳಿದರೆ ಅಬ್ಬಿಗೇರಿಯ ಗೌಡರದು. ಅಬ್ಬಿಗೇರಿಯಲ್ಲಿ ನಿಂತು ಎಷ್ಟು ಗಟ್ಟಿಯಾಗಿ ಕೇಳಿದರೂ ನರೇಗಲ್ಲಿನ ಮನೆಗೆ ಯಾರೂ ಕರೆದೊಯ್ಯುವುದಿಲ್ಲ. 911, 112, 999 ಇವೆಲ್ಲ ಇದೇ ಜಾತಿಯವು. ಇವು ಯಾವುದೋ ಒಂದು ಕಚೇರಿಯ ಟೆಲಿಫೋನ್ ನಂಬರುಗಳಲ್ಲ; 'ನಾನು ನಿಂತ ಊರಿನ ತುರ್ತು ಕೇಂದ್ರಕ್ಕೆ ಜೋಡಿಸಿ' ಎಂದು ಸ್ಥಳೀಯ ಜಾಲಕ್ಕೆ ಕೊಡುವ ಸೂಚನೆಗಳು. ಮೊಬೈಲು ತಯಾರಕರು ಪಾಲಿಸುವ ಅಂತರರಾಷ್ಟ್ರೀಯ ಮಾನದಂಡದಲ್ಲಿ 112 ಮತ್ತು 911 ಎರಡನ್ನೂ ತುರ್ತು ಕರೆ ಎಂದು ಗುರುತಿಸುವ ಏರ್ಪಾಡಿದೆ. ಹೀಗಾಗಿ ರೋಣದಲ್ಲಿ ಒತ್ತಿದ 911 ಸಾಮಾನ್ಯವಾಗಿ ಇಲ್ಲಿಯ 112ರ ಕೇಂದ್ರಕ್ಕೇ ಹೋಗುತ್ತದೆ. ಹಿಂದೆ ಅಮೆರಿಕದ ದೇಶ ಸಂಖ್ಯೆ 1 ಸೇರಿಸಿದರೂ ಫಲವಿಲ್ಲ. ಸೂಚನೆಗೆ ದೇಶ ಸಂಖ್ಯೆ ಅಂಟುವುದಿಲ್ಲ.

ಈ ಸಂಖ್ಯೆಗಳ ಹುಟ್ಟೇ ಸ್ಥಳೀಯವಾದದ್ದು. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ಫೋನು ಮಾಡಲು ಹೋದಾಗ ಎಕ್ಸ್‌ಚೇಂಜಿನ ಸರದಿಯಲ್ಲಿ ಸಿಕ್ಕಿಕೊಂಡಿದ್ದರು. ತುರ್ತು ಕರೆಯನ್ನು ಉಳಿದ ಕರೆಗಳಿಂದ ಬೇರ್ಪಡಿಸುವುದು ಹೇಗೆ ಎಂಬ ಯೋಚನೆ ಅಲ್ಲಿಂದ ಬೆಳೆದು, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಆರಂಭವಾಯಿತು. ಆ ಸಂಖ್ಯೆ ಬಂದೊಡನೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹತ್ತಿ ಹಾರ್ನ್ ಮೊಳಗುತ್ತಿತ್ತು.

ಸುಲಭವಾದ 111 ಬಿಟ್ಟು 999 ಏಕೆ? ಹಳೆಯ ತಿರುಗುವ ಡಯಲಿನಲ್ಲಿ ಒಂದು ಅಂಕೆ ಎಂದರೆ ತಂತಿಯಲ್ಲಿ ಅಷ್ಟು ಸಲ ವಿದ್ಯುತ್ ಕಡಿದು ಕೂಡುವುದು. 1 ಎಂದರೆ ಒಂದೇ ಸಲ. ಗಾಳಿಗೆ ಎರಡು ತಂತಿ ತಾಗಿದರೂ ಎಕ್ಸ್‌ಚೇಂಜು ಅದನ್ನು 1 ಎಂದು ಓದಿಬಿಡುತ್ತಿತ್ತು. ಆಷಾಢದ ಗಾಳಿ ಕಂಡ ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿ ಬೀಸಿದಾಗಲೆಲ್ಲ ಬೆಂಕಿ ಆರಿಸುವವರು ಓಡಿಬರುವಂತಾದರೆ ಹೇಗೆ! ಆದ್ದರಿಂದ 9. ಇದರಲ್ಲಿ ಒಂದು ತಮಾಷೆಯಿದೆ. ನ್ಯೂಜಿಲೆಂಡಿನ ತುರ್ತು ಸಂಖ್ಯೆ 111. ಆ ದೇಶದ ಡಯಲಿನಲ್ಲಿ ಅಂಕೆಗಳನ್ನು ತಿರುವುಮುರುವಾಗಿ ಬರೆದಿದ್ದರು. ಅಲ್ಲಿ 1 ತಿರುಗಿಸಿದರೆ ತಂತಿಯಲ್ಲಿ ಹೋಗುತ್ತಿದ್ದದ್ದು ಒಂಬತ್ತು ಮಿಡಿತ. ಎಕ್ಸ್‌ಚೇಂಜಿನ ಯಂತ್ರದ ಪಾಲಿಗೆ ಲಂಡನ್ನಿನ 999 ಮತ್ತು ನ್ಯೂಜಿಲೆಂಡಿನ 111 ಒಂದೇ.

ಅಮೆರಿಕದ ಮೊದಲ 911 ಕರೆ 1968ರ ಫೆಬ್ರುವರಿ 16ರಂದು ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ ಆಯಿತು. ಯುರೋಪಿನ ದೇಶಗಳು 1991ರಲ್ಲಿ 112ನ್ನು ಒಪ್ಪಿಕೊಂಡವು. ಭಾರತದಲ್ಲಿ ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101 ಎಂದು ಮೊದಲಿನಿಂದ ರೂಢಿ. ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂತು, ಎಲ್ಲಕ್ಕೂ ಸೇರಿದ 112 ಬಂದದ್ದು 2019ರಲ್ಲಿ. ಹೀಗೆ ಪ್ರತಿ ದೇಶವೂ ತನಗೆ ತೋಚಿದ್ದನ್ನು ಆರಿಸಿಕೊಂಡಿದೆ. ಊಹೆಗೆ ಇಲ್ಲಿ ಜಾಗವಿಲ್ಲ. ಜಪಾನಿನಲ್ಲಿ 119 ಒತ್ತಿದರೆ ಆಂಬುಲೆನ್ಸ್, ಶ್ರೀಲಂಕಾದಲ್ಲಿ ಅದೇ 119 ಪೊಲೀಸರದು, ಆಂಬುಲೆನ್ಸಿಗೆ 1990. ದುಬೈಯಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 998. ಜರ್ಮನಿಯಲ್ಲಿ ಆಂಬುಲೆನ್ಸಿಗೆ 112, ಪೊಲೀಸರಿಗೆ 110. ಹೊರಡುವ ಮುನ್ನ ವೀಸಾ, ಟಿಕೆಟ್ಟುಗಳ ಜೊತೆ ಈ ಮೂರು ಅಂಕೆಗಳನ್ನೂ ಕಲಿತು ಹೋಗುವವರು ಕಡಿಮೆ. ಉಪ್ಪಿನಕಾಯಿ ಡಬ್ಬಿ ಸೋರದಂತೆ ಕಟ್ಟುವುದಕ್ಕೆ ಕೊಡುವ ಗಮನದಲ್ಲಿ ಕಾಲು ಭಾಗ ಸಾಕಿತ್ತು.

ಪರದೇಶದಲ್ಲಿ ನೆಲಕ್ಕಿಳಿದ ವಿದ್ಯಾರ್ಥಿಯ ಕೈಯಲ್ಲಿ ಮೊದಲ ಕೆಲವು ದಿನ ಭಾರತದ ಸಿಮ್ ಇರುತ್ತದೆ. ರೋಮಿಂಗ್ ಹಾಕಿಸಿರುವುದಿಲ್ಲ. ವೈಫೈ ಸಿಕ್ಕಲ್ಲಿ ವಾಟ್ಸ್ಆ್ಯಪಿನಿಂದ ಮನೆಗೆ ಮಾತನಾಡುತ್ತಾನೆ, ಫೋನು ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾನೆ. ಆದರೆ ವಾಟ್ಸ್ಆ್ಯಪಿನಿಂದ ತುರ್ತು ಸೇವೆಗೆ ಕರೆ ಮಾಡಲು ಬರುವುದಿಲ್ಲ. ಅದಕ್ಕೆ ಫೋನಿನ ಮಾಮೂಲಿ ಡಯಲ್ ಫಲಕವೇ ಬೇಕು. ತನ್ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ತುರ್ತು ಕರೆಯನ್ನು ಮೊಬೈಲು ಸಿಕ್ಕಿದ ಬೇರೆ ಜಾಲದ ಮೂಲಕ ಕಳಿಸಲು ಯತ್ನಿಸುತ್ತದೆ. ಸಿಮ್ ಇಲ್ಲದ ಫೋನಿನ ವಿಷಯದಲ್ಲಿ ಮಾತ್ರ ದೇಶಕ್ಕೊಂದು ನಿಯಮ. ಅಮೆರಿಕದಲ್ಲಿ ಅಂಥ ಫೋನಿನ 911 ಕರೆಯನ್ನೂ ಕಂಪನಿಗಳು ಮುಟ್ಟಿಸಲೇಬೇಕು. ಆದರೆ ಕರೆ ಕಡಿದರೆ ಕೇಂದ್ರದವರು ಮರಳಿ ಕರೆಯಲಾರರು. ಜರ್ಮನಿಯಲ್ಲಿ ಸುಳ್ಳು ಕರೆಗಳ ಕಾಟದಿಂದ 2009ರಲ್ಲಿ ಈ ಸೌಲಭ್ಯವನ್ನೇ ನಿಲ್ಲಿಸಲಾಯಿತು.

ಕರೆ ಎತ್ತಿದವರು ಕೇಳುವ ಮುಖ್ಯ ಪ್ರಶ್ನೆ, ಎಲ್ಲಿದ್ದೀರಿ ಎಂಬುದು. ಕರೆ ಕಡಿದರೂ ವಿಳಾಸ ಸಿಕ್ಕಿದ್ದರೆ ಗಾಡಿ ಹೊರಡಬಹುದು. ಈಗಿನ ಫೋನುಗಳು ಹಲವು ದೇಶಗಳಲ್ಲಿ ತಾವಿರುವ ಸ್ಥಳವನ್ನು ತಾವಾಗಿಯೇ ಕೇಂದ್ರಕ್ಕೆ ಕಳಿಸುತ್ತವೆ ನಿಜ. ಆದರೂ ಬಹುಮಹಡಿ ಕಟ್ಟಡದಲ್ಲಿ ಎಷ್ಟನೇ ಮಹಡಿಯ ಯಾವ ಬಾಗಿಲು ಎಂಬುದನ್ನು ಬಾಯಿಯೇ ಹೇಳಬೇಕು. 'ಬಸ್‌ ಸ್ಟ್ಯಾಂಡ್ ಹಿಂದ, ಹನುಮಪ್ಪನ ಗುಡಿ ಬಾಜೂಕ' ಎಂಬ ವಿಳಾಸದಲ್ಲಿ ಬೆಳೆದ ಮಕ್ಕಳಿಗೆ ಮನೆ ಸಂಖ್ಯೆ, ಬೀದಿ, ಊರು ಎಂದು ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ಕಡಿಮೆ. ಮಗಳ ಬಾಣಂತನಕ್ಕೆಂದು ಹೋದ ತಾಯಂದಿರಿಗೆ ಈ ಕಷ್ಟ ಇನ್ನೂ ಹೆಚ್ಚು. ಅಳಿಯ ಕೆಲಸಕ್ಕೆ ಹೋಗಿದ್ದಾಗ ಮನೆಯಲ್ಲಿ ಉಳಿಯುವವರು ಅವರೇ. ಅಂಥವರಿಗೆ ಮೂರು ಇಂಗ್ಲಿಷ್ ಮಾತು ಬಂದರೆ ಸಾಕು: 'ಆಂಬುಲೆನ್ಸ್', ಮನೆಯ ವಿಳಾಸ, 'ಕನ್ನಡ'. ಅಮೆರಿಕದ ಅನೇಕ ಕೇಂದ್ರಗಳು ಫೋನಿನಲ್ಲೇ ದುಭಾಷಿಗಳ ನೆರವು ಪಡೆಯುತ್ತವೆ. ಯಾವ ಭಾಷೆಯವರು ಬೇಕೆಂದು ಅವರಿಗೆ ಮೊದಲು ತಿಳಿಯಬೇಕಷ್ಟೆ.

ದುಡ್ಡಿನ ಮಾತೂ ಇದೆ. ಇಲ್ಲಿಯ 108 ಉಚಿತ. ಅಮೆರಿಕದಲ್ಲಿ ಕರೆಗೆ ಹಣವಿಲ್ಲದಿದ್ದರೂ ಆಂಬುಲೆನ್ಸಿಗೆ ಸಾಮಾನ್ಯವಾಗಿ ಬಿಲ್ಲು ಬರುತ್ತದೆ, ಅದೂ ದೊಡ್ಡ ಬಿಲ್ಲು. ಸಾಲ ಮಾಡಿ ಓದಲು ಹೋದ ಹುಡುಗ ಎದೆನೋವನ್ನು 'ಗ್ಯಾಸ್ಟ್ರಿಕ್' ಎಂದುಕೊಂಡು ಮಲಗುವುದು ಇದೇ ಕಾರಣಕ್ಕೆ. 'ರೊಕ್ಕದ ಚಿಂತಿ ನಮಗಿರಲಿ, ಮೊದಲು ಫೋನ್ ಮಾಡು' ಎಂಬ ಮಾತನ್ನು ವಿಮಾನ ಹತ್ತಿಸುವ ಮೊದಲೇ ತಂದೆ ತಾಯಿ ಹೇಳಿರಬೇಕು. ವಿಮೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನೂ ಆಗಲೇ ಓದಿ ನೋಡಬೇಕು.

ಇನ್ನೊಂದು ವಿಚಿತ್ರ ತೊಂದರೆ ನಮ್ಮ ದೇಶ ಸಂಖ್ಯೆಯದೇ. ಅಮೆರಿಕದ ಕೆಲವು ಕಚೇರಿ ಫೋನುಗಳಲ್ಲಿ ಹೊರಗಿನ ಲೈನಿಗೆ 9, ಪರದೇಶಕ್ಕೆ 011, ಭಾರತಕ್ಕೆ 91 ಒತ್ತಬೇಕು. ಅವಸರದಲ್ಲಿ ಸೊನ್ನೆಯೊಂದು ತಪ್ಪಿತೋ, 911! ಗಾಬರಿಯಾಗಿ ಫೋನು ಇಟ್ಟುಬಿಟ್ಟರೆ ಅವರು ಮರಳಿ ಕರೆಯುತ್ತಾರೆ, ಉತ್ತರ ಬರದಿದ್ದರೆ ಪೊಲೀಸರು ಬಾಗಿಲಿಗೇ ಬರಬಹುದು. ತಪ್ಪಾಗಿ ಬಂತು ಎಂದು ಹೇಳಿ ಇಡುವುದೇ ಸರಿ.

ಈಗ ರೋಣದ ತಂದೆಯ ಬಳಿಗೆ ಬರೋಣ. ಅವರೇನು ಮಾಡಬೇಕಿತ್ತು? ಶಿಕಾಗೋ ಪೊಲೀಸರಿಗೂ ಮಗನ ವಿಶ್ವವಿದ್ಯಾಲಯಕ್ಕೂ ಸೂಚನೆಯಲ್ಲದ, ನಿಜವಾದ ನಂಬರುಗಳಿವೆ. ಅಮೆರಿಕದ ಊರುಗಳ ಪೊಲೀಸ್ ಇಲಾಖೆಗೆ ಹತ್ತು ಅಂಕಿಯ ಸಾಮಾನ್ಯ ದೂರವಾಣಿ ಇರುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹಗಲೂ ರಾತ್ರಿ ಎತ್ತುವ ಭದ್ರತಾ ವಿಭಾಗವಿದೆ. ಇವುಗಳ ಹಿಂದೆ ದೇಶ ಸಂಖ್ಯೆ ಸೇರಿಸಿದರೆ ಇಲ್ಲಿಂದಲೂ ಗಂಟೆ ಬಾರಿಸುತ್ತದೆ. ಮಗನೊಡನಿದ್ದ ಕರೆಯನ್ನು ಕಡಿಯದೆ ಮನೆಯ ಇನ್ನೊಂದು ಫೋನಿನಿಂದ ಮೊದಲು ಕೋಣೆಯ ಜೊತೆಗಾರನನ್ನು, ಆಮೇಲೆ ಆ ನಂಬರನ್ನು ಕರೆಯಬೇಕಿತ್ತು. ಅವು ಗೊತ್ತಿರಲಿಲ್ಲ ಎಂಬುದೇ ತೊಡಕು. ಅಂಥ ಗಳಿಗೆಯಲ್ಲಿ ಹುಡುಕುವುದಕ್ಕೆ ಕೈ ನಡುಗುತ್ತದೆ.

ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ತುರ್ತು ಸಂಖ್ಯೆಯೂ ಬೇಕು, ಆದರೆ ಅದರ ಕೆಲಸ ಬೇರೆ. ಶಿಕಾಗೋದಲ್ಲಿ ಭಾರತದ ಕಾನ್ಸುಲೇಟ್ ಇದೆ; ಅದು ಆಂಬುಲೆನ್ಸ್ ಕಳಿಸುವುದಿಲ್ಲ. ಆಸ್ಪತ್ರೆ, ಪೊಲೀಸರು, ಕಳೆದ ಪಾಸ್‌ಪೋರ್ಟು, ಊರಿನ ಮನೆಯವರು, ಇವರ ನಡುವೆ ನಿಂತು ಕೆಲಸ ಮಾಡಿಸುತ್ತದೆ. ದೂರು ಕೊಡಲು ವಿದೇಶಾಂಗ ಸಚಿವಾಲಯದ 'ಮದದ್' ಎಂಬ ವ್ಯವಸ್ಥೆ 2015ರಿಂದ ಇದೆ.

ಮೂರಂಕಿಯ ಸಂಖ್ಯೆ ಸೋತು ಈ ಎರಡನೆಯ ದಾರಿಯೇ ಕೈ ಹಿಡಿದದ್ದನ್ನು ಕನ್ನಡಿಗರು 2018ರ ಜುಲೈ ಮೊದಲ ವಾರದಲ್ಲಿ ಕಂಡರು. ಕೈಲಾಸ ಮಾನಸ ಸರೋವರ ಯಾತ್ರೆ ಮುಗಿಸಿ ನೇಪಾಳದ ಮೂಲಕ ಮರಳುತ್ತಿದ್ದ ಸಾವಿರಕ್ಕೂ ಹೆಚ್ಚು ಭಾರತೀಯರು ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ಟಿನ ಬದಿಯಲ್ಲಿ ಮಳೆಗೆ ಸಿಕ್ಕಿಕೊಂಡರು. ಅವರಲ್ಲಿ ಕರ್ನಾಟಕದವರೇ ಇನ್ನೂರಕ್ಕೂ ಹೆಚ್ಚು. ಸಿಮಿಕೋಟಿನಿಂದ ಹೊರಬರಲು ಸಣ್ಣ ವಿಮಾನ, ಹೆಲಿಕಾಪ್ಟರುಗಳೇ ಗತಿ. ಮೋಡ ಕವಿದರೆ ಅವೂ ಹಾರುವುದಿಲ್ಲ. ನೇಪಾಳದಲ್ಲೂ ಪೊಲೀಸರಿಗೆ 100, ಆಂಬುಲೆನ್ಸಿಗೆ 102. ಆದರೆ ಅಂಥ ಕಣಿವೆಗೆ ಯಾವ ಆಂಬುಲೆನ್ಸ್ ಬಂದೀತು? ಆ ದಿನಗಳಲ್ಲಿ ಇಬ್ಬರು ಭಾರತೀಯ ಯಾತ್ರಿಕರು ತೀರಿಕೊಂಡರು.

ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಆಗ ನೇಪಾಳ್‌ಗಂಜ್ ಮತ್ತು ಸಿಮಿಕೋಟಿಗೆ ತನ್ನ ಸಿಬ್ಬಂದಿಯನ್ನು ಕಳಿಸಿತು. ಯಾತ್ರಿಕರಿಗೂ ಅವರ ಮನೆಯವರಿಗೂ ಸಹಾಯವಾಣಿ ತೆರೆಯಿತು. ಅದರಲ್ಲಿ ತಮಿಳು, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಉತ್ತರಿಸುವವರಿದ್ದರು. ಊರಿನಲ್ಲಿ ಕುಳಿತ ಮಗ ಕಠ್ಮಂಡುವಿಗೆ ಫೋನು ಮಾಡಿ ಕನ್ನಡದಲ್ಲೇ ತಾಯಿಯ ಸುದ್ದಿ ಕೇಳುವಂತಾಯಿತು. ಹವೆ ತಿಳಿಯಾದಂತೆ ಕೆಲವೇ ದಿನಗಳಲ್ಲಿ ಜನ ಕೆಳಗಿಳಿದರು. ಗಮನಿಸಬೇಕಾದದ್ದು, ಆ ನಂಬರು ಸೂಚನೆಯಾಗಿರದೆ ಪೂರ್ತಿ ಅಂಕೆಗಳ ನಂಬರಾಗಿತ್ತು. ಆದ್ದರಿಂದಲೇ ಅದು ಗದಗ ಜಿಲ್ಲೆಯಿಂದಲೂ ಸಿಗುವಂಥದು, ಸಿಮಿಕೋಟಿನಿಂದಲೂ ಸಿಗುವಂಥದು.

ಮಕ್ಕಳು ಹೊರಡುವ ವಾರ ಮನೆಯಲ್ಲಿ ಕುಳಿತು ಒಂದು ಚೀಟಿ ಬರೆಯಬಹುದು. ಫೋನಿನಲ್ಲಲ್ಲ, ಕಾಗದದ ಮೇಲೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅಲ್ಲಿಯ ಮನೆಯ ಪೂರ್ಣ ವಿಳಾಸ, ಜೊತೆಗಾರರಿಬ್ಬರ ನಂಬರು, ಊರಿನ ಪೊಲೀಸರದು, ವಿಶ್ವವಿದ್ಯಾಲಯದ್ದು, ಕಾನ್ಸುಲೇಟಿನದು, ಎಲ್ಲವೂ ದೇಶ ಸಂಖ್ಯೆಯೊಡನೆ. ಮಗನ ಹುಟ್ಟಿದ ದಿನಾಂಕ, ಅವನಿಗೆ ಆಗದ ಔಷಧಿಯ ಹೆಸರು. ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದರೆ ಕತ್ತಲಲ್ಲೂ ಕೈಗೆ ಸಿಗುತ್ತದೆ. ಹುಡುಗರು ಬಾಡಿಗೆ ಕಡಿಮೆಯೆಂದು ವರ್ಷಕ್ಕೊಮ್ಮೆ ಮನೆ ಬದಲಿಸುತ್ತಾರೆ. ಬದಲಿಸಿದ ದಿನವೇ ಚೀಟಿಯನ್ನೂ ಹೊಸದಾಗಿ ಬರೆಯಬೇಕು. ಇಲ್ಲದಿದ್ದರೆ ಪೊಲೀಸರು ಹಳೆಯ ಮನೆಗೆ ಹೋಗಿ ಬೇರೆ ಯಾರದೋ ಬಾಗಿಲು ಬಡಿದು ಹಿಂದಿರುಗುತ್ತಾರೆ.